ಶೆಡ್ಡಿಗೆ ಪಾರ್ವೊ (ನಾಯಿಮರಿಗಳಿಗೆ ವಾಂತಿ, ರಕ್ತಭೇದಿ ತರೋ ವೈರಸ್) ಹೊಕ್ಕಿದೆ. ಹೊಸ ನಾಯಿ ತಗೊಳ್ಳೋದು ನಿಲ್ಲಿಸಬೇಕಾ?

ತುಂಗಾತೀರ (ಶಿವಮೊಗ್ಗ):
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಓದಿ ದಯವಿಟ್ಟು.

ಊರಾಚೆ ಹಳೇ ಅಡಿಕೆ ಅಂಗಳದಲ್ಲಿ ನಾವೊಂದಷ್ಟು ಜನ ಸೇರಿ ನಾಯಿ, ಬೆಕ್ಕುಗಳಿಗೆ ಆಶ್ರಯ ನಡೆಸ್ತಿದೀವಿ. 38 ನಾಯಿ, 14 ಬೆಕ್ಕು. ಸಂಬಳಕ್ಕೆ ಇಬ್ಬರು, ಬಿಡುವು ಮಾಡ್ಕೊಂಡು ಬರೋರು ಐದು ಜನ. ಹೋದ 12ನೇ ತಾರೀಖು ರಾತ್ರಿ ಯಾರೋ ಬಿಸ್ಕತ್ತಿನ ರಟ್ಟಿನ ಡಬ್ಬದಲ್ಲಿ ಆರು ಮರಿ ಗೇಟಿನ ಹತ್ರ ಇಟ್ಟು ಹೋದ್ರು. ಜೋರು ಮಳೆ. ಡಬ್ಬ ನೆಂದು ತಳ ಕಿತ್ತು ಬಂದಿತ್ತು. ಬೇರೆ ಜಾಗ ಇರಲಿಲ್ಲ, ಮರಿಗಳ ಕೋಣೆಗೇ ಬಿಟ್ವಿ. ಅಲ್ಲಿ ಮೊದಲೇ ಐದು ಮರಿ ಇದ್ವು.

14ಕ್ಕೆ ಡಬ್ಬದ ಮರಿಯೊಂದು ಹಾಲು ಬಿಟ್ಟಿತು. ಸಂಜೆಗೆ ಬಿಳಿ ನೊರೆ ವಾಂತಿ, ಮಾರನೇ ದಿನ ರಕ್ತಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಹತ್ತಿದ್ರೆ ಹೋಗಲ್ಲ. ಪಾರ್ವೊ ಕಿಟ್ ಹಾಕಿ ನೋಡಿದ್ವಿ, ಎರಡು ಗೆರೆ, ಅಂದ್ರೆ ಪಾಸಿಟಿವ್. 18ರ ಹೊತ್ತಿಗೆ ನಮ್ಮ ಹಳೇ ಮರಿಗಳೂ ಮಲಗಿದ್ವು. ಇವತ್ತು 24. ಹನ್ನೊಂದರಲ್ಲಿ ಏಳು ಹೋದ್ವು. ಮೂರು ಡ್ರಿಪ್ಪಲ್ಲಿವೆ. ಒಂದು ಹೆಣ್ಣುಮರಿಗೆ ಮಾತ್ರ ಇಲ್ಲಿವರೆಗೆ ಏನೂ ಆಗಿಲ್ಲ.

ಇದರ ಮಧ್ಯೆ ಪಾಲಿಕೆಯಿಂದ ಫೋನ್ ಬಂದಿದೆ. ಬಸ್ ಸ್ಟ್ಯಾಂಡ್, ಆಸ್ಪತ್ರೆ ಆವರಣದಿಂದ ಹಿಡಿದ 25 ನಾಯಿ ಇಟ್ಕೊಳ್ತೀರಾ ಅಂತ. ಊಟದ ಖರ್ಚು ಕೊಡ್ತಾರಂತೆ. ನಮ್ಮಲ್ಲೇ ಎರಡು ಗುಂಪಾಗಿದೆ. ಒಬ್ಬರು ಗೇಟ್ ಹಾಕಿ ಅಂತಾರೆ, ಇನ್ನೊಬ್ಬರು ನಾವು ಬೇಡ ಅಂದ್ರೆ ಅವನ್ನ ಎಲ್ಲಿ ಬಿಡ್ತಾರೋ ಅಂತಾರೆ. ಅನುಭವ ಇರೋರು ಹೇಳಿ.

ಹೆಬ್ಬಾಗಿಲು (ಮೈಸೂರು):
ನಿಲ್ಲಿಸಿ. ಇವತ್ತೇ. ಯೋಚನೆ ಮಾಡೋದೇ ಬೇಡ.

ಪಶುವೈದ್ಯ_ಧಾರವಾಡ:
ಮೂರು ಪ್ರಶ್ನೆ ಅದಾವ್ರಿ. ನೆಲ ಯಾವುದರಿಂದ ತೊಳೀತೀರಿ? ಬಂದ ನಾಯಿಗೆ ಲಸಿಕೆ ಯಾವಾಗ ಹಾಕಿಸ್ತೀರಿ? ಸತ್ತ ಮರಿಗಳನ್ನ ನೋಡ್ಕೊಂಡವರು ಉಳಿದ ನಾಯಿ, ಬೆಕ್ಕಿನ ಕಡೆಗೂ ಹೋಗ್ತಾರೇನು?

ತುಂಗಾತೀರ (ಶಿವಮೊಗ್ಗ):
ದಿನಕ್ಕೆ ಎರಡು ಸಲ ಫಿನಾಯಿಲ್ ಹಾಕಿ ಪೈಪಲ್ಲಿ ನೀರು ಬಿಟ್ಟು ತೊಳೀತೀವಿ ಡಾಕ್ಟ್ರೇ. ಲಸಿಕೆ ಒಂದು ವಾರ, ಹತ್ತು ದಿನ ಬಿಟ್ಟು, ಮರಿ ಸುಧಾರಿಸಿಕೊಂಡ ಮೇಲೆ. ಕೆಲಸಕ್ಕೆ ಇರೋದೇ ಇಬ್ಬರು, ಹಾಗಾಗಿ ಎಲ್ಲಾ ಕಡೆ ಅವರೇ ಹೋಗೋದು.

ಪಶುವೈದ್ಯ_ಧಾರವಾಡ:
ಹಂಗಂದ್ರ ಮೂರೂ ಕಡೆ ಬಾಗಿಲು ತೆರೆದೈತ್ರಿ. ನಿಮ್ಮನ್ನ ಬೈಯೋದಿಲ್ಲ, ನಮ್ಮ ರಾಜ್ಯದಾಗ ಹತ್ತರಲ್ಲಿ ಎಂಟು ಕಡೆ ನಾನು ನೋಡಿದ್ದು ಹಿಂಗೇ. ಒಂದೊಂದಾಗಿ ಹೇಳ್ತೀನಿ.

ಫಿನಾಯಿಲ್ ಪಾರ್ವೊ ವೈರಸ್ಸನ್ನ ಕೊಲ್ಲಂಗಿಲ್ಲ. ಈ ವೈರಸ್ಸಿಗೆ ಮೇಲೆ ಕೊಬ್ಬಿನ ಹೊದಿಕೆ ಇಲ್ಲ. ಅದಕ್ಕೇ ಸೋಪು, ಸ್ಯಾನಿಟೈಸರು, ಫಿನಾಯಿಲ್ ಯಾವುದಕ್ಕೂ ಬಗ್ಗೋದಿಲ್ಲ. ನೆರಳಿರೋ ಹಸಿ ನೆಲದಾಗ ತಿಂಗಳುಗಟ್ಟಲೆ, ವರ್ಷದವರೆಗೂ ಜೀವ ಹಿಡ್ಕೊಂಡಿರ್ತೈತಿ. ಇನ್ನೊಂದು, ಫಿನಾಯಿಲ್ ಬೆಕ್ಕಿಗೆ ವಿಷ. ಬೆಕ್ಕಿನ ಯಕೃತ್ತಿಗೆ ಫೀನಾಲ್ ಅಂಶವನ್ನ ಕರಗಿಸಿ ಹೊರಗೆ ಹಾಕೋ ಶಕ್ತಿ ಬಹಳ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೂ ಒಳಗೆ ಹೋಗ್ತೈತಿ. ನಿಮ್ಮ 14 ಬೆಕ್ಕಿನ ಸಲುವಾಗಿ ಇವತ್ತೇ ಆ ಡಬ್ಬಿ ಹೊರಗಿಡ್ರಿ.

ಬ್ಲೀಚಿಂಗ್ ಪೌಡರ್ ತರ್ರಿ. ಹೊಸ ಪ್ಯಾಕೆಟ್ಟಿನಾಗ ಕ್ಲೋರಿನ್ 30 ಪ್ರತಿಶತದ ಮೇಲಿರ್ತೈತಿ. ಒಂದು ಲೀಟರ್ ನೀರಿಗೆ 5ರಿಂದ 6 ಗ್ರಾಂ ಕಲಸಿ, ತಿಳಿಯಾದ ಮೇಲೆ ಬಳಸ್ರಿ. ದ್ರವ ಬ್ಲೀಚು 5 ಪ್ರತಿಶತದ್ದಾದ್ರ 1 ಪಾಲಿಗೆ 32 ಪಾಲು ನೀರು. ಮೊದಲು ಮಲ, ವಾಂತಿ, ಕೂದಲು ಎಲ್ಲ ತೆಗೆದು ಸೋಪಿನಿಂದ ತಿಕ್ಕಿ ತೊಳೀಬೇಕು, ಯಾಕಂದ್ರ ಹೊಲಸಿನ ಮೇಲೆ ಹಾಕಿದ ಬ್ಲೀಚು ಹೊಲಸನ್ನೇ ಸುಟ್ಟು ಮುಗಿದು ಹೋಗ್ತೈತಿ. ಆಮೇಲೆ ಹಾಕಿ 10 ನಿಮಿಷ ನೆಲ ಒದ್ದೆ ಇರಬೇಕು. ದಿನದ್ದು ದಿನಾ ಕಲಸ್ರಿ. ಟಾಯ್ಲೆಟ್ ಆ್ಯಸಿಡ್ ಜೋಡಿ ಯಾವತ್ತೂ ಕೂಡಿಸಬ್ಯಾಡ್ರಿ, ವಿಷಗಾಳಿ ಏಳ್ತೈತಿ. ಪೈಪಿನಿಂದ ಜೋರಾಗಿ ನೀರು ಹೊಡೆಯೋದನ್ನೂ ಬಿಡ್ರಿ. ಒಂದು ಗೂಡಿನ ಮಲ ಹನಿಹನಿಯಾಗಿ ನಾಲ್ಕು ಗೂಡಿಗೆ ಸಿಡೀತೈತಿ.

ಲಸಿಕೆ ಗೇಟಿನಾಗೇ ಹಾಕಬೇಕು. ವಾರ ಬಿಟ್ಟಲ್ಲ. ಒಳಗೆ ಬರೋ ಮುಂಚೆ.

ಹೆಬ್ಬಾಗಿಲು (ಮೈಸೂರು):
ಡಾಕ್ಟ್ರೇ, ಇಲ್ಲಿ ನಾನು ಒಪ್ಪಲ್ಲ. ನಮ್ಮನೆ ನಾಯಿಗೆ ಸ್ವಲ್ಪ ಮೈ ಬಿಸಿ ಇದ್ದಿದ್ದಕ್ಕೇ ವೈದ್ಯರು ಲಸಿಕೆ ಹಾಕದೆ ವಾಪಸ್ ಕಳಿಸಿದ್ರು. ಹೊಟ್ಟೆಗಿಲ್ಲದ, ಹುಳ ತುಂಬಿದ, ಕಜ್ಜಿ ಹಿಡಿದ ಬೀದಿಮರಿಗೆ ಬಂದ ತಕ್ಷಣ ಚುಚ್ಚಿದ್ರೆ ಅದು ತಡ್ಕೊಳ್ಳುತ್ತಾ?

ಪಶುವೈದ್ಯ_ಧಾರವಾಡ:
ಅವರು ಮಾಡಿದ್ದು ಸರಿನೇ ಐತ್ರಿ, ಮನೆ ನಾಯಿಗೆ. ಅದು ಒಂದು ವಾರ ಕಾಯಬಹುದು, ಮನಿಯಾಗ ಅದಕ್ಕೆ ರೋಗ ತಗುಲೋ ಭಯ ಕಡಿಮೆ. ಆಶ್ರಯದಾಗ ಕಾಯೋ ಒಂದೊಂದು ತಾಸೂ ವೈರಸ್ಸಿನ ಬಾಯಿಗೆ ಕೊಟ್ಟಂಗ. ಅಲ್ಲಿ ಸಣ್ಣ ಜ್ವರ, ಕಜ್ಜಿ, ಗಾಯ ಇದ್ದರೂ ಹಾಕ್ತೀವಿ. ಡಿಸ್ಟೆಂಪರ್ (ಮೂಗು, ಕಣ್ಣು ಸೋರಿಸಿ ಮೆದುಳಿಗೂ ಹತ್ತೋ ಇನ್ನೊಂದು ವೈರಸ್ ರೋಗ), ಪಾರ್ವೊ ಸೇರಿದ ಲಸಿಕೆ 4ರಿಂದ 6 ವಾರದ ಮರಿಯಿಂದಲೇ ಶುರು, ಎರಡು ಮೂರು ವಾರಕ್ಕೊಮ್ಮೆ, ಐದು ತಿಂಗಳು ತುಂಬೋವರೆಗೆ. ತಾಯಿ ಹಾಲಿನಿಂದ ಬಂದ ರಕ್ಷಣೆ ಯಾವ ವಾರ ಇಳೀತೈತಿ ಅಂತ ಹೊರಗಿನಿಂದ ಗೊತ್ತಾಗಂಗಿಲ್ಲ. ಅದು ಇದ್ದಾಗ ಹಾಕಿದ ಲಸಿಕೆ ಹತ್ತಂಗಿಲ್ಲ, ಇಳಿದ ಮೇಲೆ ಹಾಕದಿದ್ರ ರೋಗ ಹತ್ತತೈತಿ. ಅದಕ್ಕೇ ಮತ್ತೆ ಮತ್ತೆ ಹಾಕೋದು. ದೊಡ್ಡ ನಾಯಿಗೆ ಈ ತೊಡಕಿಲ್ಲ, ಒಂದೇ ಡೋಸಿಗೆ ಕೆಲವೇ ದಿನದಾಗ ರಕ್ಷಣೆ ಬರ್ತೈತಿ.

ತುಂಗಾತೀರ ಅವರೇ, ನಿಮ್ಮ 38ರಲ್ಲಿ ಲಸಿಕೆ ಆಗದೇ ಇರೋ ಎಲ್ಲಾ ನಾಯಿಗೂ ನಾಳೆನೇ ಹಾಕಿಸಿಬಿಡ್ರಿ.

ಚಹಾಪುಡಿ (ದಾವಣಗೆರೆ):
ಲಸಿಕೆ ಅಂದಾಗ ನೆನಪಾಯ್ತು. ಕರೆಂಟು ಹೋದ್ರೆ ಏನ್ ಮಾಡ್ತೀರಿ? ನಮ್ಮಲ್ಲಿ ಹಿಂದೆ ಎಲ್ಲಾ ಮರಿಗೂ ಲಸಿಕೆ ಹಾಕಿಸಿದ್ರೂ ಪಾರ್ವೊ ಬಂತು. ಆಮೇಲೆ ಗೊತ್ತಾಗಿದ್ದು, ಬಾಟಲಿಗಳು ಫ್ರಿಜ್ಜಿನ ಬಾಗಿಲಲ್ಲಿ ಇದ್ವು, ಎರಡು ದಿನ ಕರೆಂಟು ಇರಲಿಲ್ಲ. 2ರಿಂದ 8 ಡಿಗ್ರಿ ತಪ್ಪಿದ್ರೆ ಆ ಲಸಿಕೆ ಬರೀ ನೀರು. ಈಗ ನಡುವಿನ ತಟ್ಟೆಯಲ್ಲಿ ಥರ್ಮಾಮೀಟರ್ ಜೊತೆ ಇಡ್ತೀವಿ, ಕರೆಂಟು ಹೋದ್ರೆ ಥರ್ಮಾಕೋಲ್ ಡಬ್ಬಕ್ಕೆ ಐಸ್ ಪ್ಯಾಕ್. ಲಸಿಕೆ ಪುಡಿ ಕಲಸಿದ ಮೇಲೆ ತಡ ಮಾಡಬಾರದು ಅನ್ನೋದೂ ಆವಾಗಲೇ ಕಲಿತದ್ದು.

ಕಡಲಹಕ್ಕಿ (ಮಂಗಳೂರು):
ಬೆಕ್ಕುಗಳ ಬಗ್ಗೆ ಯಾರೂ ಮಾತಾಡ್ತಾ ಇಲ್ಲ, ಹಾಗಾಗಿ ನಾನು ಬರೀತೇನೆ.

ನಮ್ಮ ಮನೆಯ ಹಿಂದೆ ಒಂದು ಶೆಡ್ ಉಂಟು, ಅಲ್ಲಿ ಸಿಕ್ಕಿದ ಮರಿಗಳನ್ನು ಸಾಕ್ತಿದ್ದೆ. ಮೂರು ವರ್ಷದ ಹಿಂದೆ ನಾಲ್ಕೇ ದಿನದಲ್ಲಿ ಒಂಬತ್ತು ಮರಿ ಸತ್ತವು. ರಾತ್ರಿ ಆಡ್ತಾ ಇದ್ದದ್ದು ಬೆಳಿಗ್ಗೆ ನೀರಿನ ಬಟ್ಟಲಿನ ಮೇಲೆ ತಲೆ ಬಾಗಿಸಿ ಕೂತಿತ್ತು. ಕುಡಿಯಬೇಕು ಅಂತ ಆಸೆ, ಕುಡಿಯಲಿಕ್ಕೆ ಆಗುದಿಲ್ಲ. ಹಾಗೇ ಕೂತಲ್ಲೇ ಹೋಯ್ತು. ಯಾರೋ ವಿಷ ಹಾಕಿದ್ದಾರೆ ಅಂತ ಪಕ್ಕದ ಮನೆಯವರ ಹತ್ತಿರ ಬಾಯಿಗೆ ಬಂದ ಹಾಗೆ ಮಾತಾಡಿಬಿಟ್ಟೆ. ಒಂಬತ್ತನೆಯದನ್ನು ಡಾಕ್ಟರ ಹತ್ತಿರ ಕೊಂಡುಹೋದಾಗ ಅವರು ನಾಯಿಯ ಪಾರ್ವೊ ಕಿಟ್ಟಲ್ಲೇ ಪರೀಕ್ಷೆ ಮಾಡಿದರು. ಪಾಸಿಟಿವ್. ಬೆಕ್ಕಿನ ಪ್ಯಾನ್‌ಲ್ಯೂಕೋಪೀನಿಯಾ ಅಂತ, ಅದೂ ಪಾರ್ವೊ ಜಾತಿಯದ್ದೇ. ರಕ್ತದ ಬಿಳಿಕಣವನ್ನೇ ಮುಗಿಸ್ತದೆ. ಪಕ್ಕದ ಮನೆಯವರ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ಕ್ಷಮಿಸಿದರು, ನನಗೆ ಮಾತ್ರ ಇವತ್ತಿಗೂ ಅವರ ಮುಖ ನೋಡುವಾಗ ಹೇಗೋ ಆಗ್ತದೆ.

ಹೇಳಬೇಕಾದ್ದು ಇಷ್ಟೇ. ಬೆಕ್ಕಿಗೂ ಲಸಿಕೆ ಉಂಟು. ನಾಯಿಗೆ ಮಾತ್ರ ಹಾಕಿಸಿ ಬೆಕ್ಕನ್ನು ಬಿಡಬೇಡಿ.

ತುಂಗಾತೀರ (ಶಿವಮೊಗ್ಗ):
ಅಕ್ಕ, ಓದಿ ಕೈಕಾಲು ತಣ್ಣಗಾಯ್ತು. ನಮ್ಮ ಬೆಕ್ಕುಗಳಿಗೆ ರೇಬೀಸ್ ಬಿಟ್ಟು ಯಾವ ಲಸಿಕೆಯೂ ಆಗಿಲ್ಲ. ಎರಡಕ್ಕೆ ಕಣ್ಣಲ್ಲಿ ಗೀಜು, ಸೀನು ಇದೆ. ಇದೂ ಅದೇನಾ?

ಕಡಲಹಕ್ಕಿ (ಮಂಗಳೂರು):
ಅದು ಬೇರೆ, ಬೆಕ್ಕಿನ ನೆಗಡಿ. ಹೆಚ್ಚಾಗಿ ಹರ್ಪಿಸ್ ಅಥವಾ ಕ್ಯಾಲಿಸಿ ವೈರಸ್. ಹರ್ಪಿಸ್ ಒಮ್ಮೆ ಹೊಕ್ಕರೆ ಒಳಗೇ ಅಡಗಿ ಕೂತಿರ್ತದೆ, ಬೆಕ್ಕಿಗೆ ಗಾಬರಿಯಾದಾಗ ಎದ್ದು ಬರ್ತದೆ. ನಾಯಿಗಳ ಬೊಗಳು ಕೇಳುವಲ್ಲಿ ಬೆಕ್ಕಿನ ಗೂಡು ಉಂಟಾ? ಮೊದಲು ಅದನ್ನು ದೂರ ಮಾಡಿ. ಪ್ರತಿ ಗೂಡಲ್ಲಿ ಅಡಗಲಿಕ್ಕೆ ಒಂದು ರಟ್ಟಿನ ಪೆಟ್ಟಿಗೆ ಇಡಿ. ದಿನಾ ಬೆಕ್ಕನ್ನು ಎತ್ತಿ ಹೊರಗೆ ಹಾಕಿ ಇಡೀ ಗೂಡು ತೊಳೆಯುದು ಬೇಡ, ಗಲೀಜಾದಷ್ಟನ್ನು ಒರೆಸಿ, ಅದರ ಹಾಸಿಗೆ ಅಲ್ಲೇ ಇರಲಿ. ತನ್ನ ವಾಸನೆ ಇದ್ದರೆ ಅದಕ್ಕೆ ಧೈರ್ಯ. ಮೂಗು ಕಟ್ಟಿದ ಬೆಕ್ಕು ವಾಸನೆ ಸಿಗದೆ ಊಟ ಬಿಡ್ತದೆ, ಮೀನು ಬಿಸಿ ಮಾಡಿ ಕೊಡಿ.

ಗೋಧೂಳಿ (ತುಮಕೂರು):
ಮರಿಗಳಿಗೆ ಎಳನೀರು, ದಾಳಿಂಬೆ ಸಿಪ್ಪೆ ಕಷಾಯ, ಮಜ್ಜಿಗೆ ಕೊಡಿ. ನಮ್ಮಜ್ಜಿ ಕಾಲದಿಂದ ಭೇದಿಗೆ ಇದೇ. ಡ್ರಿಪ್ಪು ಗಿಪ್ಪು ಅಂತ ಸಾವಿರಗಟ್ಟಲೆ ಸುರೀಬೇಡಿ. ನಮ್ಮ ಬೀದಿಯ ಎರಡು ಮರಿ ಇದರಲ್ಲೇ ಉಳಿದ್ವು.

ಹೆಬ್ಬಾಗಿಲು (ಮೈಸೂರು):
ಗೋಧೂಳಿ ಅವರೇ, ಬೇಡ ಕಣ್ರೀ. ಉಳಿದ ಎರಡನ್ನ ನೀವು ನೋಡಿದ್ರಿ, ಹೋದ ಎಷ್ಟನ್ನು ಯಾರೂ ಎಣಿಸಿಲ್ಲ.

ಪಶುವೈದ್ಯ_ಧಾರವಾಡ:
ವಾಂತಿ ಮಾಡೋ ಮರಿಯ ಬಾಯಿಗೆ ಕಷಾಯ ಸುರಿದ್ರ ಅದು ಶ್ವಾಸಕೋಶಕ್ಕ ಹೋಗ್ತೈತ್ರಿ. ನಾನು ಕಣ್ಣಾರೆ ನೋಡೀನಿ, ಪಾರ್ವೊದಿಂದ ಉಳೀಬೇಕಾದ ಮರಿ ನ್ಯುಮೋನಿಯಾದಿಂದ ಹೋಯ್ತು. ಚಿಕಿತ್ಸೆ ಇಲ್ಲದಿದ್ರ ಬಹುಪಾಲು ಮರಿ ಸಾಯ್ತಾವ. ನೀರು, ಉಪ್ಪು, ಸಕ್ಕರೆ ಅಂಶ ರಕ್ತಕ್ಕ ಹೋಗಬೇಕು, ವಾಂತಿ ನಿಲ್ಲೋ ಇಂಜೆಕ್ಷನ್ ಬೇಕು, ಕರುಳಿನಿಂದ ರಕ್ತಕ್ಕ ನುಗ್ಗೋ ಬ್ಯಾಕ್ಟೀರಿಯಾಕ್ಕೆ ಆ್ಯಂಟಿಬಯಾಟಿಕ್ ಬೇಕು, ಮೈ ಬೆಚ್ಚಗಿರಬೇಕು. ವಾಂತಿ ನಿಂತ ಮೇಲೆ ಚಮಚ ಚಮಚ ಊಟ ಬೇಗ ಶುರು ಮಾಡ್ರಿ, ಉಪವಾಸ ಕೆಡವಬ್ಯಾಡ್ರಿ. ಆವಾಗ ಅಜ್ಜಿಯ ಮೆತ್ತನೆ ಅನ್ನ ಬಂದ್ರ ಬಹಳ ಚಲೋ.

ಗೋಧೂಳಿ (ತುಮಕೂರು):
ಶ್ವಾಸಕೋಶದ ವಿಷಯ ಗೊತ್ತಿರಲಿಲ್ಲ ಡಾಕ್ಟ್ರೇ. ಹೇಳಿದ್ದು ಒಳ್ಳೇದಾಯ್ತು. ಇನ್ನು ಆ ಸಲಹೆ ಯಾರಿಗೂ ಕೊಡಲ್ಲ.

ದೂರದೂರು (ಆಸ್ಟಿನ್, ಟೆಕ್ಸಸ್):
ತರೀಕೆರೆಯವನು, ಈಗ ಇಲ್ಲಿದ್ದೀನಿ. ವಾರಕ್ಕೊಮ್ಮೆ ಇಲ್ಲಿನ ಆಸ್ಟಿನ್ ಪೆಟ್ಸ್ ಅಲೈವ್ ಸಂಸ್ಥೆಯಲ್ಲಿ ಬಟ್ಟೆ ಒಗೆಯೋಕೆ, ಪಾತ್ರೆ ತೊಳೆಯೋಕೆ ಹೋಗ್ತೀನಿ. ಅವರಲ್ಲಿ ಪಾರ್ವೊ ಮರಿಗಳಿಗೆ ಅಂತಲೇ 2008ರಿಂದ ಬೇರೆ ಘಟಕ ಇದೆ. 2019ರವರೆಗೆ ಅಲ್ಲಿ ಚಿಕಿತ್ಸೆ ಪಡೆದ 5127 ನಾಯಿಗಳ ದಾಖಲೆ ಪ್ರಕಟವಾಗಿದೆ, ಅದರಲ್ಲಿ 86.6 ಪ್ರತಿಶತ ಉಳಿದಿವೆ. ಸತ್ತವುಗಳಲ್ಲಿ ಸುಮಾರು 80 ಪ್ರತಿಶತ ಮೊದಲ ಐದು ದಿನದಲ್ಲೇ ಹೋಗಿರೋದು. ಐದು ದಿನ ದಾಟಿಸಿದ್ರೆ ಹೆಚ್ಚಿನವು ನಿಮ್ಮ ಕೈಗೆ ಸಿಕ್ಕಂಗೆ. ಡ್ರಿಪ್ಪಲ್ಲಿರೋ ಮೂರು ಮರಿಗೆ ಇವತ್ತು ಎಷ್ಟನೇ ದಿನ?

ತುಂಗಾತೀರ (ಶಿವಮೊಗ್ಗ):
ಎರಡಕ್ಕೆ ಆರನೇ ದಿನ. ಒಂದಕ್ಕೆ ಮೂರು. ಆ ಮೂರನೆಯದಕ್ಕೆ ಇವತ್ತು ರಕ್ತ ಕಡಿಮೆ ಆಗಿದೆ, ಆದ್ರೆ ತಲೆ ಎತ್ತಲ್ಲ.

ದೂರದೂರು (ಆಸ್ಟಿನ್, ಟೆಕ್ಸಸ್):
ಎರಡು ಬದುಕಿ ಬರ್ತಾವೆ. ಮೂರನೆಯದನ್ನ ರಾತ್ರಿ ಒಂಟಿ ಬಿಡಬೇಡಿ ಅಕ್ಕ.

ಅನ್ನದಾಸೋಹ (ಬೆಂಗಳೂರು):
ಪಾರ್ವೊ ಸರಿ. ಡಿಸ್ಟೆಂಪರ್ ಬಗ್ಗೆ ನನ್ನ ಹೊಟ್ಟೆಯುರಿ ಕೇಳಿ.

ನಮ್ಮ ಬೀದಿಯ ಮೂರು ನಾಯಿಗೆ ಏಳು ವರ್ಷದಿಂದ ಅನ್ನ ಹಾಕ್ತಿದೀನಿ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಅಂತ ವ್ಯಾನ್ ಬಂದು ಮೂರನ್ನೂ ಹಿಡ್ಕೊಂಡು ಹೋದ್ರು. ನಾನೇ ಕೂಗಿ ಕರೆದು ಹಿಡಿಸಿಕೊಟ್ಟೆ, ಒಳ್ಳೇ ಕೆಲಸ ಅಂತ. ವಾರದ ನಂತರ, ಶಸ್ತ್ರಚಿಕಿತ್ಸೆ ಆದ ಗುರುತಿಗೆ ಕಿವಿ ತುದಿ ಕತ್ತರಿಸಿ, ತಂದು ಬಿಟ್ರು. ಇನ್ನೆರಡು ವಾರಕ್ಕೆ ಕಂದುನಾಯಿಗೆ ಮೂಗಲ್ಲಿ ಹಳದಿ ಸೋರಿಕೆ, ಕಣ್ಣು ಅಂಟಿಕೊಂಡಿತ್ತು. ಆಮೇಲೆ ಸುಮ್ಮನೆ ಕೂತಾಗಲೂ ಬಾಯಿ ಚ್ಯೂಯಿಂಗ್ ಗಮ್ ಅಗಿಯೋ ಥರ ಆಡೋದು. ಆಮೇಲೆ ಫಿಟ್ಸು. ಒಂದಾದ ಮೇಲೆ ಒಂದು, ಮೂರೂ ಹೋದ್ವು. ಹಿಡ್ಕೊಂಡು ಹೋದವರಿಗೆ ಫೋನ್ ಮಾಡಿದ್ರೆ ನಮ್ಮಲ್ಲಿಂದ ಬಂದಿದ್ದಲ್ಲ ಅಂದು ಇಟ್ಟುಬಿಟ್ರು. ಯಾರ ಹೆಸರೂ ಹೇಳಲ್ಲ. ಆದ್ರೆ ಅಲ್ಲಿಂದಲ್ಲದೆ ಇನ್ನೆಲ್ಲಿಂದ?

ಬಲೆಗಾರ:
ನಾನು ಆ ವ್ಯಾನಿನ ಕೆಲಸ ಮಾಡಿದವನು, ಬೇರೆ ಊರಲ್ಲಿ. ನಿಮ್ಮ ನೋವು ಅರ್ಥ ಆಗತ್ತೆ ಮೇಡಂ. ಆದ್ರೆ ಎಲ್ಲಾ ನಮ್ಮ ತಲೆಗೆ ಕಟ್ಟಬೇಡಿ. ದಿನಕ್ಕೆ ಇಷ್ಟು ನಾಯಿ ಅಂತ ಲೆಕ್ಕ ಕೇಳ್ತಾರೆ. ಒಂದೇ ವ್ಯಾನು, ನಾಲ್ಕು ಬೀದಿಯ ನಾಯಿ. ಯಾವುದಕ್ಕೆ ಒಳಗೆ ರೋಗ ಕೂತಿದೆ ಅಂತ ನೋಡಿ ಹೇಳೋಕಾಗಲ್ಲ. ನಮಗೆ ಕೊಡೋದು ರೇಬೀಸ್ ಲಸಿಕೆ ಮಾತ್ರ, ಅದನ್ನ ಒಂದೂ ತಪ್ಪದೆ ಹಾಕ್ತಿದ್ವಿ.

ಅನ್ನದಾಸೋಹ (ಬೆಂಗಳೂರು):
ನೋಡಿ ಹೇಳೋಕಾಗಲ್ಲ ಅಂದ ಮೇಲೆ ನಾಲ್ಕು ಬೀದಿದು ಒಂದೇ ಕಡೆ ಯಾಕೆ ತುಂಬ್ತೀರಿ? ಆ ನಾಯಿಗಳು ನನ್ನನ್ನ ನಂಬಿ ಬಂದಿದ್ವು.

ಪಶುವೈದ್ಯ_ಧಾರವಾಡ:
ಇಬ್ಬರ ಮಾತಿನಾಗೂ ಸತ್ಯ ಐತ್ರಿ. ಡಿಸ್ಟೆಂಪರ್ ಪಾರ್ವೊದಂಗ ಅಲ್ಲ, ಹೊರಗೆ ಬಿಸಿಲಿಗೆ ಬೇಗ ಸಾಯ್ತೈತಿ, ಸೋಪಿಗೂ ಸಾಯ್ತೈತಿ. ಆದ್ರ ಕೆಮ್ಮು, ಸೀನಿನ ಹನಿಯಿಂದ ಗಾಳಿಯಾಗ ಹರಡತೈತಿ. ಲಕ್ಷಣ ಕಾಣಾಕ ಒಂದರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡೀತೈತಿ. ಗುಣ ಆದಂಗ ಕಂಡ ನಾಯಿನೂ ವಾರಗಟ್ಟಲೆ, ತಿಂಗಳುಗಟ್ಟಲೆ ವೈರಸ್ ಬಿಡ್ತಿರ್ತೈತಿ. ಹಿಡಿದ ದಿನವೇ ರೇಬೀಸ್ ಜೋಡಿ ಡಿಸ್ಟೆಂಪರ್, ಪಾರ್ವೊ ಲಸಿಕೆನೂ ಹಾಕಿದ್ರ, ಒಂದು ಬೀದಿಯ ನಾಯಿಗಳನ್ನ ಒಟ್ಟಿಗೇ ಇಟ್ಟು ಒಟ್ಟಿಗೇ ಬಿಟ್ಟರ, ಇದು ಬಹಳ ತಪ್ಪತೈತಿ. ಟೆಂಡರ್ ಬರೆಯೋವಾಗಲೇ ಈ ಲಸಿಕೆ ಸೇರಿಸ್ರಿ ಅಂತ ನಾವು ಕೇಳಬೇಕು. ಅಲ್ಲಿ ಇಲ್ಲದ್ದನ್ನ ಬಲೆ ಹಿಡಿದವರ ಹತ್ರ ಕೇಳಿ ಏನು ಬಂತ್ರಿ.

ಬಲೆಗಾರ:
ಅದೇ ನಾನು ಹೇಳೋಕೆ ಬಂದಿದ್ದು. ಮೇಡಂ, ನಿಮ್ಮ ಕಂದುನಾಯಿ ಬಗ್ಗೆ ನಿಜವಾಗ್ಲೂ ಬೇಜಾರಾಯ್ತು.

ಉಣ್ಣೆಹುಳು (ಹಾಸನ):
ಡಿಸ್ಟೆಂಪರ್ ಅಂದ್ರೆ ಸಾವೇ ಅಂತ ತಿಳ್ಕೊಬೇಡಿ. ನನ್ನ ಹತ್ರ ಒಬ್ಬಳಿದ್ದಾಳೆ, ಎಡಗಾಲು ನಿದ್ದೆಯಲ್ಲೂ ತಾಳ ಹಾಕ್ತಿರುತ್ತೆ. ಐದು ವರ್ಷ ಆಯ್ತು. ತಿಂತಾಳೆ, ಓಡ್ತಾಳೆ.

ಗಡಿಯಾರಕಂಬ (ಹುಬ್ಬಳ್ಳಿ):
ಫಿಟ್ಸು, ಬಾಯಿ ಅಗಿಯೋದು ಅಂದ ಕೂಡಲೇ ಡಿಸ್ಟೆಂಪರ್ ಅಂತ ತೀರ್ಮಾನ ಮಾಡಬ್ಯಾಡ್ರಿ. ಎರಡು ವರ್ಷದ ಹಿಂದಿನ ಮಾತು. ನಮ್ಮ ಆಶ್ರಯಕ್ಕ ಒಂದು ನಾಯಿ ಬಂತು. ಕೆಳದವಡೆ ಜೋತು ಬಿದ್ದಿತ್ತು, ಜೊಲ್ಲು ಸುರಿಯೋದು, ನೀರು ಕುಡೀಲಿಕ್ಕೆ ಬರವಲ್ದು. ಸಿಟ್ಟಿಲ್ಲ, ಕಚ್ಚೋದಿಲ್ಲ, ಪಾಪ ಮೂಲಿಯಾಗ ಕುಂತಿತ್ತು. ಎಲುಬು ಸಿಕ್ಕಿರಬೇಕು ಅಂತ ನಮ್ಮ ಹುಡುಗ ಬರಿಗೈ ಬಾಯಾಗ ಹಾಕಿ ಹುಡುಕಿದ. ಮರುದಿನ ಸತ್ತಿತು. ಡಾಕ್ಟರಿಗೆ ಸಂಶಯ ಬಂದು ಐಸಿನಾಗ ಕಟ್ಟಿ ಹೆಬ್ಬಾಳದ ಪಶುವೈದ್ಯ ಕಾಲೇಜಿನ ರೇಬೀಸ್ ಪ್ರಯೋಗಾಲಯಕ್ಕ ಕಳಿಸಿದ್ರು. ಮೆದುಳಿನ ಪರೀಕ್ಷೆಯಾಗ ರೇಬೀಸ್ ಅಂತ ಬಂತು. ಮುಟ್ಟಿದ ಏಳು ಜನ ಆಸ್ಪತ್ರೆಗೆ ಓಡಿದ್ವಿ. ಆ ಹುಡುಗನ ಬೆರಳಿಗೆ ಗೀರಿತ್ತು, ಅವಂಗ ಲಸಿಕೆ ಜೋಡಿ ಇಮ್ಯುನೊಗ್ಲಾಬ್ಯುಲಿನ್ (ತಕ್ಷಣ ರಕ್ಷಣೆ ಕೊಡೋ ತಯಾರು ಪ್ರತಿಕಾಯ) ಕೂಡ ಹಾಕಿದ್ರು. ದೇವರ ದಯೆ, ಎಲ್ಲರೂ ಆರಾಮ ಅದೀವಿ. ಆದ್ರ ಅವನ ಅವ್ವ ಆಸ್ಪತ್ರೆ ಬಾಗಿಲಾಗ ನನ್ನ ಮುಖ ನೋಡಿದ್ದು ಮರೆಯೋದಿಲ್ಲ.

ಪಶುವೈದ್ಯ_ಧಾರವಾಡ:
ಇದನ್ನ ಎಲ್ಲರೂ ಎರಡು ಸಲ ಓದ್ರಿ. ಹುಚ್ಚು ಅಂದ್ರ ಅಟ್ಟಿಸಿಕೊಂಡು ಬರೋದು ಮಾತ್ರ ಅಲ್ಲ, ಮಂಕಾಗಿ ಕುಂತ ರೇಬೀಸೂ ಐತಿ. ಆಶ್ರಯದಾಗ ಕೆಲಸ ಮಾಡೋ ಪ್ರತಿಯೊಬ್ಬರೂ ಮೊದಲೇ ಇಂಜೆಕ್ಷನ್ ತಗೊಂಡಿರಬೇಕು. 0, 7, ಮತ್ತು 21 ಅಥವಾ 28ನೇ ದಿನ. ಅದು ಆಗಿದ್ದವರಿಗೆ ಮುಂದೆ ಕಚ್ಚಿದ್ರ 0 ಮತ್ತು 3ನೇ ದಿನ ಎರಡೇ ಸಾಕು. ಕಚ್ಚಿದ ಕೂಡಲೇ ಹರಿಯೋ ನೀರಿನಾಗ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗೋದು. ಅರಿಸಿನ, ಖಾರ, ಸುಣ್ಣ ಏನೂ ಹಚ್ಚಬ್ಯಾಡ್ರಿ.

ತುಂಗಾತೀರ (ಶಿವಮೊಗ್ಗ):
ನಮ್ಮ ಇಬ್ಬರು ಕೆಲಸದವರಿಗೂ ಆಗಿಲ್ಲ. ಸೋಮವಾರ ಕರ್ಕೊಂಡು ಹೋಗ್ತೀನಿ. ನಾನೂ ತಗೊಳ್ತೀನಿ.

ಕಾನೂನುಪುಟ (ಬೆಂಗಳೂರು):
ಪಾಲಿಕೆಯ ವಿಷಯಕ್ಕೆ ಬರೋಣ. ಸುಪ್ರೀಂ ಕೋರ್ಟ್ ಎಲ್ಲಾ ಬೀದಿನಾಯಿಗಳನ್ನೂ ಆಶ್ರಯಕ್ಕೆ ಹಾಕಿ ಅಂದಿದೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. 2025ರ ಆಗಸ್ಟ್ 11ರ ಆದೇಶ ದೆಹಲಿ ಸುತ್ತಮುತ್ತಲಿಗೆ ಹಾಗೆ ಹೇಳಿತ್ತು. ಆಗಸ್ಟ್ 22ಕ್ಕೆ ಅದನ್ನ ಬದಲಾಯಿಸಿ, ಶಸ್ತ್ರಚಿಕಿತ್ಸೆ, ಜಂತುಹುಳ ಔಷಧಿ, ಲಸಿಕೆ ಆದ ಮೇಲೆ ಅದೇ ಜಾಗಕ್ಕೆ ಬಿಡಬೇಕು, ರೇಬೀಸ್ ಇರುವ ಅಥವಾ ಅದರ ಸಂಶಯ ಇರುವ ಮತ್ತು ಆಕ್ರಮಣಕಾರಿ ನಾಯಿಗಳನ್ನ ಮಾತ್ರ ಬಿಡಬಾರದು ಅಂದ್ರು. ನವೆಂಬರ್ 7ರ ಆದೇಶ ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳ ನಾಯಿಗಳದ್ದು. ಅವನ್ನ ಅಲ್ಲಿಗೇ ವಾಪಸ್ ಬಿಡೋ ಹಾಗಿಲ್ಲ, ಆಶ್ರಯಕ್ಕೆ ಹಾಕಬೇಕು. ನಿಮಗೆ ಬಂದಿರೋ ಫೋನ್ ಇದರದ್ದು. ಆದೇಶದ ಹೊಣೆ ಸ್ಥಳೀಯ ಸಂಸ್ಥೆಯದು, ನಿಮ್ಮದಲ್ಲ. ನೀವು ಷರತ್ತು ಹಾಕಬಹುದು, ಬರಹದಲ್ಲಿ ಹಾಕಿ.

ಹೆಬ್ಬಾಗಿಲು (ಮೈಸೂರು):
ಷರತ್ತು ಗಿರತ್ತು ಬೇಡ. ಏಳು ಮರಿ ಸತ್ತ ಜಾಗಕ್ಕೆ 25 ನಾಯಿ ತಂದು ತುಂಬೋದು ಅಂದ್ರೆ ಏನರ್ಥ?

ಚಹಾಪುಡಿ (ದಾವಣಗೆರೆ):
ಬೇಡ ಅಂದ್ರೆ ಆ 25 ನಾಯಿ ಯಾವುದೋ ಗೋಡೌನಲ್ಲಿ ಒಂದೇ ಕೋಣೆಯಲ್ಲಿ ಬೀಳ್ತವೆ, ಹೆಬ್ಬಾಗಿಲು ಅವರೇ. ಅಲ್ಲಿ ಲಸಿಕೆ ಕೇಳೋರು ಇರಲ್ಲ. ನಮ್ಮ ಕೈ ತೊಳ್ಕೊಂಡ್ವಿ ಅಷ್ಟೇ.

ಹೆಬ್ಬಾಗಿಲು (ಮೈಸೂರು):
ಕೈ ತೊಳ್ಕೊಳ್ಳೋ ಮಾತಲ್ಲ. ನಾನು ಹಿಂದೆ ಸಹಾಯ ಮಾಡ್ತಿದ್ದ ಕಡೆ 60 ನಾಯಿ ಹಿಡಿಸೋ ಜಾಗದಲ್ಲಿ 140 ಇಟ್ಟಿದ್ರು. ಯಾರಿಗೂ ಬೇಡ ಅನ್ನಲಿಲ್ಲ, ದೊಡ್ಡ ಮನಸ್ಸಿನ ಜನ. ಬೆಳಿಗ್ಗೆ ಹೋದ್ರೆ ದಿನಾ ಒಂದು ಗೋಣಿಚೀಲ ಗೇಟಿನ ಪಕ್ಕ ಇರ್ತಿತ್ತು. ಅದರಲ್ಲಿ ಏನಿದೆ ಅಂತ ಕೇಳೋದನ್ನ ನಾನು ನಿಲ್ಲಿಸಿಬಿಟ್ಟಿದ್ದೆ. ಹಿಡಿಸೋದಕ್ಕಿಂತ ಹೆಚ್ಚು ತಗೊಂಡ್ರೆ ನಾವು ಉಳಿಸ್ತಿಲ್ಲ ಕಣ್ರೀ, ಸಾಯೋ ಜಾಗ ಬದಲಾಯಿಸ್ತೀವಿ ಅಷ್ಟೇ.

ಪಶುವೈದ್ಯ_ಧಾರವಾಡ:
ನಡುವಿನ ದಾರಿ ಐತ್ರಿ. ಮರಿಗಳ ಕೋಣೆ ಪೂರ್ತಿ ಮುಚ್ಚಿಬಿಡ್ರಿ. ಆ ಕೋಣೆಗೆ ಈ ವರ್ಷ ಮರಿ ಬೇಡ, ಮಣ್ಣಿನ ನೆಲ ಇದ್ದರ ಮೇಲಿನ ಮಣ್ಣು ತೆಗೆದು ಸಿಮೆಂಟ್ ಹಾಕಿಸ್ರಿ. ಹೊಸ ಮರಿಗಳನ್ನ ಯಾರದಾದರೂ ಮನಿಯಾಗ ಇರಿಸ್ರಿ, ಹಿಂದೆ ಪಾರ್ವೊ ಆಗಿರಬಾರದು ಆ ಮನಿಯಾಗ. ರೋಗ ತಗುಲಿದ ಕೊನೇ ಪ್ರಾಣಿಗೆ ಲಕ್ಷಣ ಕಂಡ ಮೇಲೆ 14 ದಿನ ಯಾವುದೂ ಒಳಗೆ ಬರಬಾರದು, ಹೊರಗೆ ಹೋಗಬಾರದು.

14 ದಿನ ಆದ ಮೇಲೆ ದೊಡ್ಡ ನಾಯಿ, ಅದೂ ಬೇರೆ ಅಂಗಳಕ್ಕ, ಐದಾರರಂಗ ಗುಂಪು ಗುಂಪಾಗಿ. ವ್ಯಾನಿನಿಂದ ಇಳಿಸೋ ಮುಂಚೆ ಲಸಿಕೆ. ಮುಂದಿನ ಗುಂಪು ಮೊದಲಿನ ಗುಂಪಿನ 14 ದಿನ ಮುಗಿದ ಮೇಲೆ. ಮತ್ತ ಕೆಲಸದ ಕ್ರಮ: ಮೊದಲು ಆರೋಗ್ಯದ ಮರಿ, ಆಮೇಲೆ ಆರೋಗ್ಯದ ದೊಡ್ಡವು, ಆಮೇಲೆ ಹೊಸದಾಗಿ ಬಂದವು, ಎಲ್ಲಕ್ಕಿಂತ ಕಡೆಗೆ ರೋಗಿಗಳು. ಹಿಂದಕ್ಕ ತಿರುಗಬಾರದು. ರೋಗಿಗಳ ಕಡೆಗೆ ಬೇರೆ ಚಪ್ಪಲಿ, ಬೇರೆ ಅಂಗಿ, ಬೇರೆ ಪೊರಕೆ, ಬೇರೆ ಬಟ್ಟಲು.

ಗಡಿಯಾರಕಂಬ (ಹುಬ್ಬಳ್ಳಿ):
ಚಪ್ಪಲಿ ಮೂರು ಬಣ್ಣದ್ದು ತರ್ರಿ. ನಮ್ಮಲ್ಲಿ ಕೆಂಪು ಚಪ್ಪಲಿ ಕೆಂಪು ಗೆರೆ ದಾಟಂಗಿಲ್ಲ. ಓದಲಿಕ್ಕೆ ಬರದವರಿಗೂ ತಿಳೀತೈತಿ.

ಉಣ್ಣೆಹುಳು (ಹಾಸನ):
ದುಡ್ಡಿನ ಮಾತು ಯಾರೂ ಆಡ್ತಿಲ್ಲ. ಲಸಿಕೆ, ಬೇರೆ ಅಂಗಳ, ಇದೆಲ್ಲ ಸಣ್ಣ ಆಶ್ರಯಕ್ಕೆ ಎಲ್ಲಿಂದ ಬರಬೇಕು?

ಚಹಾಪುಡಿ (ದಾವಣಗೆರೆ):
ಲೆಕ್ಕ ಬರೆದು ನೋಡಿ. ನಮ್ಮಲ್ಲಿ ಒಂದು ಮರಿಗೆ ಐದು ದಿನ ಡ್ರಿಪ್ ಹಾಕಿದ ದುಡ್ಡಿನಲ್ಲಿ ಹತ್ತು ಮರಿಗೆ ಲಸಿಕೆ ಹಾಕಿಸಬಹುದಿತ್ತು. ಬಿಲ್ಲು ಮುಂದೆ ಇಟ್ಕೊಂಡು ಅವತ್ತು ಅತ್ತಿದ್ದೀನಿ.

ತುಂಗಾತೀರ (ಶಿವಮೊಗ್ಗ):
19 ದಿನ ಆದ ಮೇಲೆ ಬರೀತಿದೀನಿ. ತಡ ಆಯ್ತು, ಕ್ಷಮಿಸಿ.

ಮೂರನೇ ಮರಿ ಆ ರಾತ್ರಿಯೇ ಹೋಯ್ತು. ಬಿಸಿನೀರಿನ ಬಾಟಲಿ ಜೊತೆ ಮಡಿಲಲ್ಲೇ ಇತ್ತು. ಒಂಟಿ ಬಿಡಲಿಲ್ಲ, ಆಸ್ಟಿನ್‌ನ ಅಣ್ಣ ಹೇಳಿದ ಹಾಗೇ.

ಉಳಿದ ಎರಡು ಈಗ ಬಟ್ಟಲು ಕಚ್ಚಿ ಎಳೀತಿವೆ. ಗುಣವಾದ ಮೇಲೂ ಎರಡು ವಾರ ಬೇರೆಯೇ ಇಟ್ಟು, ಮೈಕೂದಲಲ್ಲಿ ವೈರಸ್ ಇರುತ್ತೆ ಅಂತ ನಮ್ಮ ವೈದ್ಯರು ಹೇಳಿದ್ದಕ್ಕೆ ಸ್ನಾನ ಮಾಡಿಸಿ ಹೊರಗೆ ತಂದ್ವಿ. ಏನೂ ಆಗದಿದ್ದ ಹೆಣ್ಣುಮರಿಗೆ ಕೊನೆಗೂ ಏನೂ ಆಗಲಿಲ್ಲ. ದೊಡ್ಡ ನಾಯಿಗಳಲ್ಲಿ ಒಂದೂ ಮಲಗಿಲ್ಲ. ಬೆಕ್ಕುಗಳಿಗೆಲ್ಲ ಲಸಿಕೆ ಆಯ್ತು, ಗೂಡು ಹಿಂದಿನ ಜಗಲಿಗೆ ಹೋಯ್ತು, ಸೀನು ಕಡಿಮೆ ಆಗಿದೆ.

ಗೇಟಿನ ಪಕ್ಕ ಈಗ ಒಂದು ಮೇಜು ಇದೆ. ಅದರ ಮೇಲೆ ಲಸಿಕೆಯ ಥರ್ಮಾಕೋಲ್ ಡಬ್ಬ, ತೂಕದ ಯಂತ್ರ, ಒಂದು ದಪ್ಪ ನೋಟ್‌ಬುಕ್. ಪಾಲಿಕೆಗೆ ಬರಹದಲ್ಲಿ ಕೊಟ್ವಿ: ಒಮ್ಮೆಗೆ ಆರು, ಲಸಿಕೆಯ ಖರ್ಚು ಅವರದು, ಅಂಗಳಕ್ಕೆ ಬೇಲಿಯೂ ಅವರದು. ಮೊದಲು ಸಿಟ್ಟಾದ್ರು. ಅವರ ಪಶುವೈದ್ಯಾಧಿಕಾರಿ ಬಂದು ನೋಡಿದ ಮೇಲೆ ಬೇಲಿಗೆ ಒಪ್ಪಿದಾರೆ, ಲಸಿಕೆಗೆ ಇನ್ನೂ ಇಲ್ಲ. ಬೇಲಿ ಆಗೋವರೆಗೆ ನಾಯಿ ತಗೊಳ್ಳಲ್ಲ ಅಂದಿದೀನಿ. ಹೆಬ್ಬಾಗಿಲು ಅವರೇ, ನಿಮ್ಮ ಗೋಣಿಚೀಲದ ಮಾತು ಆ ಸಭೆಯಲ್ಲಿ ಹೇಳಿದೆ. ಎಲ್ಲರೂ ಸುಮ್ಮನಾದ್ರು.

ಹೆಬ್ಬಾಗಿಲು (ಮೈಸೂರು):
ಆರು ಅಂದ್ರೆ ಆರೇ. ಏಳನೆಯದಕ್ಕೆ ಮನಸ್ಸು ಕರಗಬಾರದು. ಲಸಿಕೆಗೆ ಅವರು ಒಪ್ಪದಿದ್ರೆ ಮೊದಲ ಗುಂಪಿನದ್ದು ನನ್ನ ಲೆಕ್ಕಕ್ಕೆ ಹಾಕಿ.

ಕಡಲಹಕ್ಕಿ (ಮಂಗಳೂರು):
ಆ ಹೆಣ್ಣುಮರಿಗೆ ಹೆಸರು ಇಟ್ಟಾಯ್ತಾ?

ತುಂಗಾತೀರ (ಶಿವಮೊಗ್ಗ):
ಇನ್ನೂ ಇಲ್ಲ ಅಕ್ಕ. ನೋಟ್‌ಬುಕ್ಕಿನಲ್ಲಿ ಈಗ "ಡಬ್ಬದ ಮರಿ 4" ಅಂತಿದೆ. ಮೂರನೇ ಡೋಸ್ ಮುಂದಿನ ಗುರುವಾರ.

ಚಹಾಪುಡಿ (ದಾವಣಗೆರೆ):
ಹಾಸೋಕೆ ಬಟ್ಟೆ ಬೇಕಾಗಿರತ್ತೆ, ಪಾರ್ವೊ ಮರಿಗಳದ್ದನ್ನೆಲ್ಲ ಸುಟ್ಟಿರ್ತೀರಿ. ಹಳೇ ಬೆಡ್‌ಶೀಟು ಎರಡು ಮೂಟೆ ಒಗೆದು ಇಟ್ಟಿದೀನಿ. ಭಾನುವಾರ ಬೆಳಗಿನ ಶಿವಮೊಗ್ಗ ಬಸ್ಸಿಗೆ ಹಾಕ್ತೀನಿ, ಸ್ಟ್ಯಾಂಡಿಗೆ ಯಾರನ್ನಾದ್ರೂ ಕಳಿಸಿ.